ಬೆನ್ನು ತಿಕ್ಕುವ ಸರದಿ

ಆ ಶನಿವಾರವೂ ಸೈಮಿ ಮೈಗೆ ನೀರು ಹಾಕಿಸಿಕೊಳ್ಳಲಿಲ್ಲ. ವಾಕರ್ ತಳ್ಳಿಕೊಂಡು ಬಚ್ಚಲುಮನೆಯ ಬಾಗಿಲವರೆಗೆ ಬಂದಳು, ಅಲ್ಲೇ ನಿಂತು ಒಳಗೆ ಕಣ್ಣಾಡಿಸಿದಳು. ಟಬ್ಬಿನ ಅಂಚನ್ನು ದಾಟಿ ಎರಡು ಕಾಲು ಒಳಗೆ, ಎರಡು ಕಾಲು ಹೊರಗೆ ಊರಿ ನಿಂತ ಬಿಳಿ ಪ್ಲಾಸ್ಟಿಕ್ ಬೆಂಚು. ತಣ್ಣಗೆ ತಾಗಬಾರದೆಂದು ಅದರ ಮೇಲೆ ಸೊಸೆ ವರ್ನಾ ಹಾಸಿದ್ದ ಟವೆಲು. ಗೋಡೆಗೆ ಹೊಸದಾಗಿ ಬಿಗಿದ ಉಕ್ಕಿನ ಹಿಡಿ. ನೆಲಕ್ಕೆ ಜಾರದ ರಬ್ಬರ್ ಚಾಪೆ. ಬೇಡದ ದನವನ್ನು ಯಾರೋ ಮಾರಲು ತಂದು ನಿಲ್ಲಿಸಿದ್ದಾರೆ ಎನ್ನುವ ಹಾಗೆ ನೋಡಿ ಮುಖ ತಿರುಗಿಸಿದಳು.

"ಇವತ್ತು ಬೇಡ."

"ಹೋದ ಶನಿವಾರಾನೂ ಹೀಗೇ ಅಂದ್ರಿ, ಮುಮ್ಮು."

"ಹೋದ ಶನಿವಾರಾನೂ ಬೇಡವಾಗಿತ್ತು."

ವಾಕರ್ ತಿರುಗಿತು. ಅದರ ಕಾಲುಗಳಿಗೆ ಸಿಕ್ಕಿಸಿದ್ದ ಟೆನಿಸ್ ಚೆಂಡುಗಳು ನೆಲಕ್ಕೆ ಉಜ್ಜುವ ಸದ್ದು ಅಡುಗೆಮನೆಯ ಕಡೆಗೆ ಸರಿಯಿತು. ವರ್ನಾ ನಲ್ಲಿ ನಿಲ್ಲಿಸಿ ಕಮೋಡಿನ ಮುಚ್ಚಳದ ಮೇಲೆ ಕೂತಳು. ಮೊಣಕೈ ಅದ್ದಿ ಹದ ನೋಡಿಟ್ಟಿದ್ದ ನೀರು ಟಬ್ಬಿನ ತೂತಿನಲ್ಲಿ ಗೊರಗೊರ ಇಳಿಯುತ್ತಿತ್ತು. ಅವಳಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಬರಬೇಕಾದರೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು.

ವರ್ನಾಳಿಗೆ ಅರವತ್ತು ದಾಟಿತ್ತು. ಬೆಳಗಿನ ಹೊತ್ತು ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಮಕ್ಕಳಿಗೆ ಬಡಿಸಿ, ದೊಡ್ಡ ದೊಡ್ಡ ತಟ್ಟೆಗಳನ್ನು ತೊಳೆದಿಟ್ಟು ಮನೆಗೆ ಬಂದರೆ ಅತ್ತೆಯ ಕೆಲಸ. ಅಕ್ಟೋಬರಿನಿಂದ ಏಪ್ರಿಲ್ ತನಕ ಹಿಮ ತೋಡಿ ತೋಡಿ ಬಲಮಂಡಿ ಸವೆದಿತ್ತು. ಗಂಡ ಡೇಲ್ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದವನು, ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅದಾಗಿ ವರ್ಷಗಳು ಕಳೆದಿದ್ದವು. ಅವನು ಹೋದ ಮೇಲೆ ಮನೆಯಲ್ಲಿ ಉಳಿದವರು ಅತ್ತೆ ಮತ್ತು ಸೊಸೆ. ಯಾರು ಯಾರನ್ನು ನೋಡಿಕೊಳ್ಳಬೇಕು ಎಂಬ ಮಾತು ಆಗ ಬರಲಿಲ್ಲ. ಇಬ್ಬರಿಗೂ ಕೈಕಾಲು ಗಟ್ಟಿಯಿತ್ತು. ಆ ಮಾತು ಬಂದದ್ದು ಈಗ.

ಬಂದದ್ದು ನರ್ಸ್ ಮಾರ್ಸಿಯ ಬಾಯಿಂದ. ಮಂಗಳವಾರ ಮಂಗಳವಾರ ಬಂದು ಮುದುಕಿಯನ್ನು ನೋಡಿಹೋಗುವ ಮಾರ್ಸಿ ಒಳ್ಳೆಯ ಹೆಂಗಸು. ಸೈಮಿಯ ತೊಡೆಸಂದಿಯಲ್ಲಿ, ಸೊಂಟದ ಹಿಂದೆ, ಚರ್ಮ ಕೆಂಪಗೆ ತೇವವಾಗಿ ಬಿರಿಯಲು ಶುರುವಾದದ್ದನ್ನು ಅವಳೇ ತೋರಿಸಿಕೊಟ್ಟಳು. ಆಮೇಲೆ ವರ್ನಾಳನ್ನು ಹೊರಬಾಗಿಲ ಹತ್ತಿರ ಕರೆದು, ಬೂಟು ಹಾಕಿಕೊಳ್ಳುತ್ತಾ ದನಿ ತಗ್ಗಿಸಿದಳು.

"ಬಟ್ಟೆ ಅದ್ದಿ ಒರೆಸಿದ್ರೆ ಸಾಲಲ್ಲ ವರ್ನಾ. ನೀರು ಬೀಳಬೇಕು, ಸೋಪು ಪೂರ್ತಿ ಹೋಗಬೇಕು, ಆಮೇಲೆ ಚೆನ್ನಾಗಿ ಒಣಗಬೇಕು. ಈ ಚರ್ಮ ಒಡೆದ್ರೆ ಮನೇಲಿ ವಾಸಿ ಆಗಲ್ಲ."

"ಬೆಂಚಿನ ಮೇಲೆ ಕೂರೋಕೇ ಒಪ್ತಿಲ್ಲ. ಎತ್ತಿ ಕೂರಿಸೋದಕ್ಕೆ ನನ್ನ ಕೈಲಾಗುತ್ತಾ?"

"ಎತ್ತಲೇಬೇಡ. ಇಬ್ರೂ ಬೀಳ್ತೀರಿ." ಮಾರ್ಸಿ ಬೂಟಿನ ದಾರ ಬಿಟ್ಟು ತಲೆಯೆತ್ತಿದಳು. "ಊರೊಳಗೆ ವೃದ್ಧರ ಮನೇಲಿ ಒಂದು ಹಾಸಿಗೆ ಖಾಲಿಯಾಗಿದೆ. ಮುಂದಿನ ಮಂಗಳವಾರದವರೆಗೂ ಯಾರಿಗೂ ಕೊಡಬೇಡಿ ಅಂತ ಹೇಳಿದೀನಿ. ನೀನು ಹೂಂ ಅಂದ್ರೆ ಸಾಕು. ಯಾರೂ ನಿನ್ನನ್ನ ಆಡಿಕೊಳ್ಳಲ್ಲ."

ಆ ಹೂಂ ವರ್ನಾಳ ನಾಲಿಗೆಯ ತುದಿಯಲ್ಲೇ ಇತ್ತು. ಹಾಸಿಗೆ ಎಂಬ ಮಾತು ಕಿವಿಗೆ ಬಿದ್ದಾಗ ಅವಳ ಕಣ್ಣಿಗೆ ಮೊದಲು ಕಂಡದ್ದು ಅತ್ತೆ ಅಲ್ಲಿ ಮಲಗಿರುವುದಲ್ಲ, ತಾನು ಇಲ್ಲಿ ಮಲಗಿರುವುದು. ಯಾರೂ ಕರೆಯದ ಒಂದು ಇಡೀ ಮಧ್ಯಾಹ್ನ.

ಈ ಮನೆಗೆ ವರ್ನಾ ಬಂದದ್ದು ಇಪ್ಪತ್ತೆರಡರ ಹುಡುಗಿಯಾಗಿ. ತವರು ಪೇಟೆಯಲ್ಲಿ, ತಾಮ್ರದ ಗಣಿಯವರು ಕಟ್ಟಿಸಿದ್ದ ಸಾಲುಮನೆಗಳಲ್ಲಿ ಒಂದು. ಅಜ್ಜ ಕಡಲಾಚೆಯ ಕಾರ್ನ್‌ವಾಲಿನಿಂದ ಗಣಿ ಕೆಲಸಕ್ಕೆ ಬಂದವನು. ಅವರ ಮನೆಯಲ್ಲಿ ಸ್ನಾನವೆಂದರೆ ಚಿಲಕ ಹಾಕಿಕೊಂಡು ಮಾಡುವ ಕೆಲಸ. ಹೆತ್ತ ತಾಯಿಯ ಬರಿಭುಜವನ್ನೂ ಅವಳು ಕಂಡವಳಲ್ಲ. ಡೇಲನ ಮನೆಯವರು ಫಿನ್ನರು. ಅಂಗಳದ ಆಚೆ ದಿಮ್ಮಿಯ ಗೋಡೆಯ ಸೌನಾ, ಹಬೆಸ್ನಾನದ ಮನೆ. ಒಳಗೆ ಕಲ್ಲು ಪೇರಿಸಿದ ಒಲೆ, ಒಲೆಗೆ ಅಂಟಿದಂತೆ ಬಿಸಿನೀರಿನ ಹಂಡೆ, ಮೆಟ್ಟಿಲಿನ ಹಾಗೆ ಒಂದಕ್ಕಿಂತ ಒಂದು ಎತ್ತರದ ಹಲಗೆಗಳು. ಕಾದ ಕಲ್ಲಿಗೆ ಒಂದು ತಂಬಿಗೆ ನೀರು ಹೊಯ್ದರೆ ಏಳುವ ಹಬೆಗೆ ಕಿವಿಯ ತುದಿ ಚುರುಗುಟ್ಟಬೇಕು. ಶನಿವಾರ ಮಧ್ಯಾಹ್ನ ಹೊಗೆಗೂಡಿನಲ್ಲಿ ಹೊಗೆ ಕಂಡರೆ ಸಾಕು, ಸಂಜೆಗೆ ಅಕ್ಕಪಕ್ಕದವರೆಲ್ಲ ಟವೆಲು ಹೆಗಲಿಗೆ ಹಾಕಿಕೊಂಡು ಹಾಜರು. ಮೊದಲು ಹೆಂಗಸರು, ಆಮೇಲೆ ಗಂಡಸರು, ಕೊನೆಗೆ ಎಲ್ಲರಿಗೂ ಕಾಫಿ ಮತ್ತು ಏಲಕ್ಕಿ ಹಾಕಿದ ನಿಸು ಬ್ರೆಡ್ಡು.

ಮದುವೆಯಾದ ಮೊದಲ ಶನಿವಾರ ವರ್ನಾ ಸೌನಾದೊಳಗೆ ಹೋದದ್ದು ಈಜುಡುಗೆ ಹಾಕಿಕೊಂಡು. ಒಳಗಿದ್ದ ಹೆಂಗಸರೆಲ್ಲ ಹುಟ್ಟಿದ ಹಾಗೆ ಕೂತಿದ್ದರು. ಮೇಲಿನ ಹಲಗೆಯಿಂದ ಪಕ್ಕದ ಮನೆಯ ಇರ್ಯಾ, ಆಗಿನ್ನೂ ಹರೆಯದವಳು, ಕೇಳಿದಳು: "ಏನು, ಹಡಗು ಗಿಡಗು ಮುಳುಗ್ತಾ ಇದೆಯಾ?"

ಹಲಗೆಗಳು ಅಲುಗುವಂತೆ ನಕ್ಕರು. ಸೈಮಿ ನಗಲಿಲ್ಲ. ಸೊಸೆಯನ್ನು ಕೆಳಗಿನ ಹಲಗೆಯಲ್ಲಿ ಕೂರಿಸಿ, ಉಡುಪಿನ ಪಟ್ಟಿಗಳನ್ನು ಹೆಗಲಿನಿಂದ ಇಳಿಸಿ, ಬ್ರಷ್ಷಿಗೆ ಸೋಪು ಹಚ್ಚಿ ಬೆನ್ನು ತಿಕ್ಕಿದಳು. ಕತ್ತಿನ ಬುಡದಿಂದ ಸೊಂಟದವರೆಗೆ ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ತಂಬಿಗೆಯಲ್ಲಿ ನೀರು ಹೊಯ್ದಳು. ಅದಾದ ಮೇಲೆ ತಾನೇ ತಿರುಗಿ ಬೆನ್ನುಕೊಟ್ಟು ಕೂತಳು. ವರ್ನಾಳಿಗೆ ಏನು ಮಾಡಬೇಕೆಂದು ಹೊಳೆಯಲಿಲ್ಲ. ಸೈಮಿ ಹಿಂದಕ್ಕೆ ನೋಡದೆಯೇ ಬ್ರಷ್ಷನ್ನು ಹೆಗಲ ಮೇಲಿಂದ ಚಾಚಿದಳು.

"ನಿನ್ನ ಸರದಿ."

ಮಾತೆಂದರೆ ಅಷ್ಟೆ. ಆಮೇಲೆ ಎಷ್ಟೋ ಜಗಳಗಳಾದವು. ಮಾಂಸದ ಕಡುಬಿಗೆ ಕ್ಯಾರೆಟ್ ಹಾಕಬೇಕೆಂದು ಅತ್ತೆ, ಕ್ಯಾರೆಟ್ ಹಾಕಿದರೆ ಅದು ಕಡುಬೇ ಅಲ್ಲವೆಂದು ಸೊಸೆ. ಮಗು ಹುಟ್ಟಿದ ಮೇಲೆ ಮಗುವಿನ ಟೊಪ್ಪಿಗೆಗೆ ಜಗಳ, ಹಾಲಿಗೆ ಜಗಳ. ಆ ಮಗು ಸೈಮಿಯನ್ನು ಮುಮ್ಮು ಎಂದು ಕರೆಯತೊಡಗಿದಾಗ ಮನೆಯವರೆಲ್ಲರಿಗೂ ಅವಳು ಮುಮ್ಮುವಾದಳು, ಸೊಸೆ ಮಾತ್ರ ಅವಳ ಬಾಯಲ್ಲಿ ಹುಡುಗಿಯಾಗಿಯೇ ಉಳಿದಳು. ವಾರವಿಡೀ ಮಾತು ಬಿಟ್ಟಿದ್ದರೂ ಶನಿವಾರ ಒಬ್ಬರ ಬೆನ್ನನ್ನೊಬ್ಬರು ತಿಕ್ಕುವುದು ತಪ್ಪಲಿಲ್ಲ. ಮಾತು ಬಿಟ್ಟ ವಾರ ಬ್ರಷ್ಷು ಸ್ವಲ್ಪ ಜೋರಾಗಿ ಆಡುತ್ತಿತ್ತು, ಅಷ್ಟೆ.

ವರ್ಷ ಕಳೆದ ಹಾಗೆ ಶನಿವಾರಕ್ಕೆ ಬರುವವರು ಕಡಿಮೆಯಾದರು. ಮಗು ಬೆಳೆದು ದೂರದ ಊರು ಸೇರಿತು. ಅಕ್ಕಪಕ್ಕದವರಲ್ಲಿ ಕೆಲವರು ತೀರಿಕೊಂಡರು, ಕೆಲವರು ಮನೆಯೊಳಗೇ ಕರೆಂಟಿನ ಸೌನಾ ಮಾಡಿಸಿಕೊಂಡರು. ಈ ಸಲ ಮೇಪಲ್ ಎಲೆ ಉದುರುವ ಹೊತ್ತಿನ ಒಂದು ಸಂಜೆ ಒಳಗಿದ್ದವರು ಅತ್ತೆ ಸೊಸೆ ಇಬ್ಬರೇ. ಮೇಲಿನ ಹಲಗೆ ಹತ್ತುವುದನ್ನು ಸೈಮಿ ಆಗಲೇ ಬಿಟ್ಟಿದ್ದಳು, ಕೆಳಗಿನದರಲ್ಲೇ ಕೂರುತ್ತಿದ್ದಳು. ವರ್ನಾ ಅವಳ ಬೆನ್ನು ತಿಕ್ಕಿ ಮುಗಿಸಿ, ಹಂಡೆಯ ಪಕ್ಕದ ಮಣೆಯ ಮೇಲೆ ಬೆನ್ನು ತಿರುಗಿಸಿ ಕೂತು ಕಾಯುತ್ತಿದ್ದಳು. ಮಣೆಗೂ ಹಲಗೆಗೂ ನಡುವೆ ಎರಡು ಹೆಜ್ಜೆಯ ಜಾಗ. ಸೋಪುನೀರು ಹರಿದ ನೆಲ, ಹಿಡಿದುಕೊಳ್ಳಲು ಒಂದು ಮೊಳೆಯೂ ಇಲ್ಲ. ಹಿಂದಿನಿಂದ ಸದ್ದಾದಾಗ ಬಕೆಟ್ಟು ಉರುಳಿತೆಂದೇ ವರ್ನಾ ಅಂದುಕೊಂಡಳು. ತಿರುಗಿ ನೋಡಿದರೆ ಮುದುಕಿ ನೆಲದಲ್ಲಿ, ಕೈಯಲ್ಲಿ ಬ್ರಷ್ಷು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಕಂಬಿ ಹಾಕಿ ಕೂಡಿಸಿದರು. ಮನೆಗೆ ಕರೆತಂದ ದಿನವೇ ಮಾರ್ಸಿ ಹೇಳಿದ್ದಳು: ಸದ್ಯಕ್ಕೆ ಸೌನಾ ಬೇಡ, ಆ ಶಾಖಕ್ಕೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ, ಹೋಗುವ ದಾರಿಯೂ ಮಂಜುಗಡ್ಡೆ. ಬಚ್ಚಲುಮನೆಯಲ್ಲಿ ಹೇಗೆ ಮಾಡಿಸಬೇಕೆಂದು ತಾನೇ ಮಾಡಿ ತೋರಿಸಿದಳು. ಟಬ್ಬಿನೊಳಗೆ ಕಾಲೆತ್ತಿ ಇಡುವುದೇ ಕೂಡದು. ಹೊರಗೇ ಬೆಂಚಿಗೆ ಬೆನ್ನು ಮಾಡಿ ನಿಂತು, ಬೆಂಚು ತೊಡೆಯ ಹಿಂಭಾಗಕ್ಕೆ ತಾಗಿದ ಮೇಲೆ, ಕೈ ಹಿಂದಕ್ಕೆ ಊರಿ ಕೂರುವುದು. ಕೂತಲ್ಲಿಂದಲೇ ಸರಿಯುತ್ತಾ ಒಳಗೆ ಹೋಗುವುದು. ಆಮೇಲೆ ಒಂದೊಂದೇ ಕಾಲನ್ನು ಅಂಚು ದಾಟಿಸುವುದು. ತಣ್ಣೀರು ಮೊದಲು ಬಿಟ್ಟು ಬಿಸಿನೀರು ಬೆರೆಸುವುದು. ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿ ಹಿಂದಿನಿಂದ ಹಿಡಿಯುವುದು, ತೋಳು ಹಿಡಿದು ಎಳೆಯಕೂಡದು. ಎಲ್ಲ ಮುಗಿದ ಮೇಲೆ ಬೆರಳು ಸಂದಿ, ಮಡಿಕೆ ಮಡಿಕೆ ಒತ್ತಿ ಒರೆಸುವುದು. ವರ್ನಾ ಒಂದನ್ನೂ ಬಿಡದೆ ಕಲಿತಳು.

ಮೊದಮೊದಲು ಮುದುಕಿ ಕೂತಳು. ಕೂತಳೆಂದರೆ ಮರದ ಗೊಂಬೆಯ ಹಾಗೆ. ವರ್ನಾ ತಿಕ್ಕಿದಳು, ಹೊಯ್ದಳು, ಒರೆಸಿದಳು, ಬಟ್ಟೆ ಹಾಕಿದಳು. ತನ್ನ ಸ್ನಾನವನ್ನು ಅತ್ತೆ ಮಲಗಿದ ಮೇಲೆ ಚಿಲಕ ಹಾಕಿಕೊಂಡು ಮಾಡಿದಳು, ತವರುಮನೆಯಲ್ಲಿ ಮಾಡುತ್ತಿದ್ದ ಹಾಗೆ. ಒಂದು ಶನಿವಾರ ವರ್ನಾ ಕಾಲ್ಬೆರಳು ಒರೆಸಲು ಬಗ್ಗಿದ್ದಾಗ ಸೈಮಿ ಬಕೆಟ್ಟಿನಲ್ಲಿದ್ದ ಬ್ರಷ್ಷಿಗೆ ಕೈಚಾಚಿ ಮುಂದಕ್ಕೆ ವಾಲಿದಳು. ಆಸರೆಗೆ ಹಿಡಿದದ್ದು ಉಕ್ಕಿನ ಹಿಡಿಯನ್ನಲ್ಲ, ಟವೆಲು ಹಾಕುವ ಕಂಬಿಯನ್ನು. ಅದು ಎರಡು ತಿರುಪಿನ ಸಮೇತ ಗೋಡೆಯಿಂದ ಕಿತ್ತು ಬಂತು. ಸೊಂಟದ ಪಟ್ಟಿ ವರ್ನಾಳ ಕೈಗೆ ಸಿಕ್ಕಿತ್ತು, ಅದಕ್ಕೇ ಬೀಳಲಿಲ್ಲ. ವರ್ನಾ ಮಂಡಿಯನ್ನು ಟಬ್ಬಿಗೆ ಬಡಿಸಿಕೊಂಡು ವಾರವೆಲ್ಲ ಕುಂಟಿದಳು.

"ಹಿಡಿ ಪಕ್ಕದಲ್ಲೇ ಇದೆಯಲ್ಲಾ! ಕಣ್ಣು ಕಾಣಲ್ವಾ ನಿಮಗೆ? ಬ್ರಷ್ ಯಾಕೆ ಬೇಕಿತ್ತು ಈಗ?" ಎಂದು ಅವತ್ತು ಕಿರುಚಿದ್ದಳು.

ಅವತ್ತಿನಿಂದ ಮುದುಕಿ ಬೆಂಚಿನ ಮೇಲೆ ಕೂರಲಿಲ್ಲ. ಹೆದರಿಕೊಂಡಿದ್ದಾಳೆ ಎಂದೇ ವರ್ನಾ ತಿಳಿದಿದ್ದಳು.

ಈಗ ಟಬ್ಬು ಬರಿದಾದ ಮೇಲೆ ಅವಳು ಎದ್ದು ಅಡುಗೆಮನೆಗೆ ಹೋದಳು. ಸೈಮಿ ಕಿಟಕಿಯ ಪಕ್ಕ ಕೂತು, ಕಾಫಿಯನ್ನು ಸಾಸರಿಗೆ ಬಗ್ಗಿಸಿಕೊಂಡು ಊದುತ್ತಿದ್ದಳು. ಹತ್ತಿರ ಹೋದರೆ ವಾಸನೆ ಬರುತ್ತಿತ್ತು. ಒಂದು ಕಾಲದಲ್ಲಿ ಸೌನಾದಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ವಾಸನೆ ಬಿಟ್ಟರೆ ಬೇರೆ ವಾಸನೆಯೇ ಇಲ್ಲದಿದ್ದ ಹೆಂಗಸು.

"ಮುಮ್ಮು, ಒಂದು ವಿಷಯ ಹೇಳ್ಬೇಕು. ವೃದ್ಧರ ಮನೇಲಿ ಹಾಸಿಗೆ ಖಾಲಿ ಇದೆಯಂತೆ. ಮಾರ್ಸಿಗೆ ಮಂಗಳವಾರ ಹೂಂ ಅಥವಾ ಉಹೂಂ ಅನ್ನಬೇಕು."

ಸೈಮಿ ಊದುವುದನ್ನು ನಿಲ್ಲಿಸಲಿಲ್ಲ. "ಅಲ್ಲಿ ಸ್ನಾನ ಹೇಗಂತೆ?"

"ಇಬ್ಬರು ಬರ್ತಾರೆ. ಚಕ್ರದ ಕುರ್ಚೀಲಿ ತಳ್ಕೊಂಡು ಹೋಗ್ತಾರೆ, ನೀರು ಹೊಯ್ದು ಒರೆಸಿ ವಾಪಸ್ ತಂದು ಬಿಡ್ತಾರೆ."

"ಇಲ್ಲೂ ಅದೇ ತಾನೇ."

"ಇಲ್ಲಿ ಅಷ್ಟಕ್ಕೂ ಬಿಡ್ತಿಲ್ವಲ್ಲ ನೀವು!" ವರ್ನಾ ಕುರ್ಚಿ ಎಳೆದು ಕೂತಳು. "ಸುಸ್ತಾಗಿದೆ ಮುಮ್ಮು ನನಗೆ. ಬಚ್ಚಲು ಹೆದರಿಕೆ ಅಂದ್ರೆ ಹೇಳಿ, ನೀರು ಬಿಸಿ ಸಾಲ್ದು ಅಂದ್ರೆ ಹೇಳಿ. ಏನು ಅಂತ ಗೊತ್ತಾದ್ರೆ ತಾನೇ ನಾನು ಏನಾದ್ರೂ ಮಾಡೋದು?"

ಮುದುಕಿ ಸಾಸರು ಕೆಳಗಿಟ್ಟಳು.

"ಬೆನ್ನು ಕೊಡೋದಿಲ್ಲ ನೀನು."

"ಏನಂದ್ರಿ?"

"ತಿಕ್ತೀಯ, ಹೊಯ್ತೀಯ, ಒರೆಸ್ತೀಯ, ಎದ್ದು ಹೋಗ್ತೀಯ. ತಿರುಗಿ ಕೂರೋದೇ ಇಲ್ಲ. ಈ ಮನೇಲಿ ಹಾಗೆ ಸ್ನಾನ ಮಾಡಿಸೋದು ಇಬ್ಬರಿಗೆ. ಆಗ ತಾನೇ ಹುಟ್ಟಿದ ಕೂಸಿಗೆ, ಇಲ್ಲಾ ಹೆಣಕ್ಕೆ. ನಮ್ಮತ್ತೇನ ಆ ಸೌನಾದಲ್ಲೇ ಮಲಗಿಸಿ ತೊಳೆದೆ. ನನ್ನ ಗಂಡನ್ನೂ ತೊಳೆದೆ. ಅವರು ಎದ್ದು ನನ್ನ ಬೆನ್ನು ತಿಕ್ಕಲಿಲ್ಲ. ನಾನಿನ್ನೂ ಹೆಣ ಆಗಿಲ್ಲ ಹುಡುಗಿ."

ಬಕೆಟ್ಟಿನ ಬ್ರಷ್ಷಿಗೆ ಅತ್ತೆ ಚಾಚಿದ ಕೈ ವರ್ನಾಳ ಕಣ್ಣ ಮುಂದೆ ಬಂತು.

"ನನ್ನ ಬೆನ್ನು ತಿಕ್ಕೋಕೆ ಎದ್ದೇ ತಾನೇ ಸೊಂಟ ಮುರ್ಕೊಂಡಿದ್ದು?" ಎಂದಳು.

"ಹೌದು. ತಿಕ್ಕೋದು ಅಲ್ಲಿಗೇ ನಿಂತುಹೋಯ್ತು," ಎಂದು ಸೈಮಿ ಸಾಸರನ್ನು ಮತ್ತೆ ಎತ್ತಿಕೊಂಡಳು.

ವರ್ನಾ ಬಚ್ಚಲುಮನೆಗೆ ಹಿಂತಿರುಗಿ ಗೇಣಿನಲ್ಲಿ ಅಳೆದು ನೋಡಿದಳು. ಬೆಂಚಿನ ಮುಂದೆ ತಾನು ಬೆನ್ನು ಕೊಟ್ಟು ಕೂರಬೇಕೆಂದರೆ ಒಂದು ಕಡೆ ಟಬ್ಬಿನ ಗೋಡೆ, ಇನ್ನೊಂದು ಕಡೆ ಕಮೋಡು. ಮುದುಕಿ ಬಗ್ಗಲೇಬೇಕು, ಬಗ್ಗಿದರೆ ಜಾರಲೇಬೇಕು. ಅಲ್ಲಿ ಆಗದು. ಆಗುವ ಜಾಗ ಯಾವುದೆಂದು ಅವಳಿಗೆ ಗೊತ್ತಿತ್ತು. ಅಷ್ಟು ದೂರ ಕರೆದೊಯ್ಯುವುದನ್ನು, ಹಿಮ ತೋಡುವುದನ್ನು, ಒಲೆ ಹಚ್ಚುವುದನ್ನು ನೆನೆದರೇ ಮೈ ನೋಯಿತು. ಒಂದು ಸಲ ಮಾಡಿ ನೋಡುವುದು, ಆಗದಿದ್ದರೆ ಮಂಗಳವಾರ ಹೂಂ ಅಂದುಬಿಡುವುದು ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡಳು.

ಮಾರ್ಸಿಗೆ ಫೋನ್ ಮಾಡಿ, ಒಂದು ಸಲ ಸೌನಾದಲ್ಲೇ ಸ್ನಾನ ಮಾಡಿಸಲೇ ಎಂದು ಕೇಳಿದಳು. ಮಾರ್ಸಿ ಹೇಳಿದಳು: "ಕಲ್ಲಿಗೆ ನೀರು ಹೊಯ್ಯೋ ಹಾಗಿಲ್ಲ. ಕೋಣೆ ಬೆಚ್ಚಗಿದ್ರೆ ಸಾಕು, ಬಿಸಿ ಬೇಡ. ಬಾಗಿಲು ಓರೆ ಮಾಡಿರಿ. ಹೊರಗೆ ಇನ್ನೊಬ್ಬರು ಇರಬೇಕು. ಅವಳು ಕೂತಲ್ಲಿಂದ ಏಳಬಾರದು, ಕೈಗೆ ಸಿಗೋ ಹಾಗೆ ಭದ್ರವಾದ ಹಿಡಿ ಬೇಕು. ನನ್ನ ಬ್ಯಾಗಲ್ಲಿ ಒಂದು ಉಕ್ಕಿಂದು ಇದೆ, ಆದ್ರೆ ಅದನ್ನ ಅಲ್ಲಿ ಹಾಕಿಬಿಟ್ಟೀರ, ಅಂಗೈ ಬೇಯುತ್ತೆ. ಮರದ್ದೇ ಹಾಕಿ. ನಮ್ಮಜ್ಜಿ ಸೌನಾದಲ್ಲೇ ನಾನೂ ಬೆಳೆದಿದ್ದು." ಆಮೇಲೆ ಸೇರಿಸಿದಳು, "ಮಂಗಳವಾರ ಮಾತ್ರ ಉತ್ತರ ಬೇಕು ವರ್ನಾ. ಹಾಸಿಗೆ ಇನ್ನೂ ಹಿಡಿದಿಟ್ಕೊಳ್ಳೋಕೆ ಆಗಲ್ಲ."

ಭಾನುವಾರ ಇರ್ಯಾ ಬಂದಳು. ಶಾಲೆಯ ಬಸ್ಸು ಓಡಿಸಿ ಓಡಿಸಿ ಹೆಗಲು ಗಂಡಸಿನಷ್ಟು ಅಗಲವಾಗಿದ್ದ ಇರ್ಯಾಗೆ ಈಗ ಎಪ್ಪತ್ತರ ಹತ್ತಿರ, ಗಂಡನ ಹತಾರಗಳೆಲ್ಲ ಅವಳ ಕೈಯಲ್ಲೇ. ತೊಗಟೆ ಹೆರೆದ ಸೀಡರ್ ಕಂಬವೊಂದನ್ನು ಹೊತ್ತು ತಂದು, ಕೆಳಗಿನ ಹಲಗೆಯ ಪಕ್ಕದಲ್ಲಿ ನೆಲಕ್ಕೂ ತೊಲೆಗೂ ಸೇರಿಸಿ ಬೋಲ್ಟು ಬಿಗಿದಳು. ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ಕಾಲು ಮೇಲೆತ್ತಿ ಜೋತಾಡಿದಳು.

"ನನ್ನನ್ನ ತಡ್ಕೊಂಡಿದೆ ಅಂದ್ರೆ ಸೈಮೀನ ತಡ್ಕೊಳ್ಳುತ್ತೆ. ಸೌನಾನೇ ಬಿದ್ರೂ ಕಂಬ ನಿಂತಿರುತ್ತೆ ನೋಡು."

ಮಣೆಯನ್ನು ವರ್ನಾ ಹಂಡೆಯ ಪಕ್ಕದಿಂದ ತೆಗೆದು ಹಲಗೆಗೆ ತಾಗಿಸಿ ಇಟ್ಟಳು. ತಾನೇ ಹಲಗೆಯ ಮೇಲೆ ಕೂತು ಕೈಚಾಚಿ ನೋಡಿದಳು. ಬಗ್ಗದೆಯೇ ಎಟುಕುತ್ತಿತ್ತು.

ಸೋಮವಾರ ಶಾಲೆಯಿಂದ ಬಂದವಳು ಕೋಟು ಬಿಚ್ಚಲೂ ಇಲ್ಲ. ಹಿಂಬಾಗಿಲಿನಿಂದ ಸೌನಾದವರೆಗೆ ದಾರಿ ತೋಡಿದಳು, ಒಲೆಗೆ ಒಂದೇ ಹೊರೆ ಸೌದೆ ಹಾಕಿದಳು, ಹಂಡೆ ತುಂಬಿದಳು, ಕಾಲಿಡುವ ಕಡೆಯೆಲ್ಲ ಬೂದಿ ಚೆಲ್ಲಿದಳು. ನಡುದಾರಿಗೆ ಬೂದಿ ಹಾಕಲಿಲ್ಲ, ಅಲ್ಲಿ ಜಾರುಕುರ್ಚಿ ಸಾಗಬೇಕಿತ್ತು. ಉದ್ದನೆಯ ಎರಡು ಉಕ್ಕಿನ ಪಟ್ಟಿಗಳ ಮೇಲೆ ಕುರ್ಚಿ ಕೂರಿಸಿ, ಹಿಂದೆ ನಿಂತು ಒಂದು ಕಾಲಲ್ಲಿ ನೆಲ ಒದೆಯುತ್ತಾ ಹೋಗುವ ಆ ಬಂಡಿಯಲ್ಲಿ ಸೈಮಿ ಹರೆಯದಲ್ಲಿ ಹಾಲಿನ ಕ್ಯಾನುಗಳನ್ನು ಸಾಗಿಸುತ್ತಿದ್ದಳು. ಕೊಟ್ಟಿಗೆಯಿಂದ ಅದನ್ನು ಎಳೆದು ತಂದಾಗ ಕಿಟಕಿಯಲ್ಲಿ ಮುದುಕಿಯ ಮುಖ ಕಂಡಿತು.

"ಸೋಮವಾರ ಸೌನಾಗೆ ಬೆಂಕಿ ಹಾಕಿದೀರಲ್ಲಾ, ಯಾರು ಸತ್ರು?" ಬಾಗಿಲಲ್ಲಿ ನಿಂತು ಕೇಳಿದಳು.

"ಇನ್ನೂ ಯಾರೂ ಇಲ್ಲ. ಬೇಗ ಕೂತ್ಕೋ, ನನಗೆ ಚಳಿ," ಎಂದಳು ಸಹಾಯಕ್ಕೆಂದು ಬಂದಿದ್ದ ಇರ್ಯಾ.

ಕಂಬಳಿ ಸುತ್ತಿ, ಸೊಂಟದ ಪಟ್ಟಿ ಕಟ್ಟಿ ಕೂರಿಸಿ, ವಾಕರನ್ನು ಮಡಚಿ ಮಡಿಲಿನ ಮೇಲಿಟ್ಟರು. ವರ್ನಾ ಹಿಂದಿನಿಂದ ತಳ್ಳಿದಳು, ಇರ್ಯಾ ಮುಂದಿನಿಂದ ವಾಲದಂತೆ ಹಿಡಿದಳು.

"ಇದಕ್ಕೆ ಬ್ರೇಕಿಲ್ಲ ಇರ್ಯಾ," ಎಂದಳು ಸೈಮಿ.

"ಇಷ್ಟು ವರ್ಷ ಬಸ್ ಓಡಿಸಿದೀನಿ, ಒಂದು ಮಗೂನೂ ಬೀಳಿಸಿಲ್ಲ."

"ಮಕ್ಕಳು ಗಟ್ಟಿಯಾಗಿ ಹಿಡ್ಕೊಂಡಿರ್ತಿದ್ವು. ನೀನು ಓಡಿಸೋದು ನೋಡಿ."

ಇರ್ಯಾ ಹೊರಕೋಣೆಯಲ್ಲೇ ಕೂತಳು, ನಡುವಿನ ಬಾಗಿಲು ಓರೆಯಾಗಿಯೇ ಇತ್ತು. ಒಳಗೆ ಬೆಚ್ಚಗಿತ್ತು, ಅಷ್ಟೆ, ಹಬೆಯಿರಲಿಲ್ಲ. "ಇದೇನು ಸೌನಾನಾ, ಸಸಿ ಬೆಳೆಸೋ ಮನೇನಾ?" ಎಂದು ಮುದುಕಿ ಗೊಣಗಿದಳು. ಆದರೂ ಹಲಗೆ ತೊಡೆಯ ಹಿಂಭಾಗಕ್ಕೆ ತಾಗುವವರೆಗೆ ಹಿಂದಕ್ಕೆ ಸರಿದು, ಕಂಬ ಹಿಡಿದು ಮೆಲ್ಲಗೆ ಕೂತಳು. ಕಂಬವನ್ನು ಒಂದು ಸಲ ಅಲ್ಲಾಡಿಸಿ ನೋಡಿದಳು. ಅಲ್ಲಾಡಲಿಲ್ಲ.

ವರ್ನಾ ತಲೆಯಿಂದ ಶುರುಮಾಡಿದಳು. ಕೂದಲು, ಕಿವಿಯ ಹಿಂದೆ, ತೋಳಿನ ಅಡಿ, ಎದೆಯ ಅಡಿಯ ಮಡಿಕೆ. ಕೆಂಪಾದ ಕಡೆ ಬ್ರಷ್ಷು ಬಿಟ್ಟು ಬರಿಗೈಯಲ್ಲಿ ಸೋಪು ಸವರಿ, ತಂಬಿಗೆಯಲ್ಲಿ ಸಣ್ಣಗೆ ನೀರು ಬಿಟ್ಟಳು. ಮುದುಕಿ ಹಲ್ಲು ಕಚ್ಚಿದಳು, ಕೈ ಮಾತ್ರ ಕಂಬವನ್ನು ಬಿಡಲಿಲ್ಲ. ಬೆನ್ನು ಕೊನೆಗೆ. ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಎಲ್ಲ ತೊಳೆದು, ಒತ್ತಿ ಒರೆಸಿ, ಹೆಗಲಿಗೂ ಮಡಿಲಿಗೂ ಒಣಟವೆಲು ಹೊದಿಸಿದಳು. ತನ್ನ ಅಂಗಿ ಬಿಚ್ಚಿ ಮೊಳೆಗೆ ಹಾಕಿದಳು. ಮಂಡಿ ಕಟಕಟ ಎನ್ನುತ್ತಿದ್ದರೂ ಹಲಗೆಯ ಅಂಚಿಗೆ ಕೈ ಊರಿ ಇಳಿಯುತ್ತಾ ಇಳಿಯುತ್ತಾ, ಅತ್ತೆಯ ಎರಡು ಪಾದಗಳ ನಡುವಿನ ಮಣೆಯ ಮೇಲೆ ಬೆನ್ನು ಕೊಟ್ಟು ಕೂತು, ಬ್ರಷ್ಷನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದಳು.

ಬ್ರಷ್ಷು ಕೈಯಿಂದ ಹೋಯಿತು. ಮೊದಲ ಎಳೆತ ವಕ್ರವಾಗಿತ್ತು, ಬಲವೂ ಇರಲಿಲ್ಲ. ಎರಡನೆಯದು ಪರವಾಗಿಲ್ಲ.

"ಥೂ, ಎಷ್ಟು ಕೊಳೆ! ಯಾರೂ ತಿಕ್ಕಲೇ ಇಲ್ವಾ ಇಷ್ಟು ದಿನ?"

"ಯಾರು ತಿಕ್ತಾರೆ ಮುಮ್ಮು? ನನ್ನ ಕೈ ಅಲ್ಲಿಗೆ ಎಟುಕಲ್ಲ."

"ಇನ್ನೂ ಸ್ವಲ್ಪ ಹಿಂದಕ್ಕೆ ಬಾ. ಮಗ್ಗುಲು ತಿರುಗಬೇಡ, ನೆಟ್ಟಗೆ ಕೂರು. ಹಲಗೆ ಹಾಗೆ ಸೆಟೆದುಕೊಂಡಿದೀಯ."

ಬ್ರಷ್ಷು ನಿಧಾನವಾಗಿ ಆಡುತ್ತಿತ್ತು. ಎಡಭುಜದ ಎಲುಬಿನ ಕೆಳಗೆ ಒಂದು ಗಂಟು ನೋವಿತ್ತು, ತಟ್ಟೆ ಎತ್ತಿ ಎತ್ತಿ ಬಂದದ್ದು. ಆ ಗಂಟು ಎಲ್ಲಿದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ, ಬ್ರಷ್ಷು ಅದರ ಸುತ್ತಲೇ ತಿರುಗಿತು. ಒಲೆಯಲ್ಲಿ ಕೊನೆಯ ಕೊರಡು ಮುರಿದು ಕೆಂಡವಾಯಿತು. ವರ್ನಾ ನಾಳೆ ಮಾಡಬೇಕಾದ ಕೆಲಸಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ನೆನೆಯತೊಡಗಿದಳು. ಮೊದಲನೆಯದು ದಾಟಿ ಮುಂದಕ್ಕೆ ಹೋಗಲಿಲ್ಲ.

ಎಚ್ಚರವಾದದ್ದು ಇರ್ಯಾಳ ದನಿಗೆ.

"ಒಳಗೆ ಯಾರಾದ್ರೂ ಬದುಕಿದೀರಾ? ಸದ್ದೇ ಇಲ್ಲ."

"ಶ್!" ಎಂದಿತು ತಲೆಯ ಮೇಲಿಂದ ಇನ್ನೊಂದು ದನಿ. "ಹುಡುಗಿ ಮಲಗಿದಾಳೆ."

ವರ್ನಾಳ ತಲೆ ಅತ್ತೆಯ ಗಟ್ಟಿ ಕಾಲಿನ ಮಂಡಿಗೆ ಒರಗಿತ್ತು. ಮಡಿಲಿನಲ್ಲಿದ್ದ ಟವೆಲು ತನ್ನ ಹೆಗಲ ಮೇಲಿತ್ತು. ಸೈಮಿಯ ಒಂದು ಕೈ ಕಂಬದ ಮೇಲೆ, ಇನ್ನೊಂದು ವರ್ನಾಳ ತೋಳಿನ ಮೇಲೆ, ಒಲೆಯ ಕಡೆ ವಾಲದ ಹಾಗೆ. ಎಷ್ಟು ಹೊತ್ತಿನಿಂದ ಹಾಗೆ ಹಿಡಿದಿದ್ದಳೋ.

"ಎಬ್ಬಿಸಬಾರದಾಗಿತ್ತಾ ಮುಮ್ಮು?"

"ಯಾಕೆ, ಎಲ್ಲಿಗೆ ಹೋಗಬೇಕಿತ್ತು ನಾನು?"

ವರ್ನಾ ಏಳಲು ನೋಡಿದಳು. ಮಂಡಿ ಮಡಿಚಿದಲ್ಲೇ ಕಚ್ಚಿಕೊಂಡಿತ್ತು. ಕಂಬ ಹಿಂದಕ್ಕಿತ್ತು, ಮಣೆಯಿಂದ ಕೈಗೆ ಸಿಗುತ್ತಿರಲಿಲ್ಲ. ಅತ್ತೆಯನ್ನು ಹಿಡಿದು ಏಳುವಂತಿರಲಿಲ್ಲ. ಇರ್ಯಾ ಹೊರಗಿನಿಂದ ಸೈಮಿಯ ವಾಕರನ್ನು ತಂದು ಮುಂದೆ ನಿಲ್ಲಿಸಿದಳು. ವರ್ನಾ ಅದರ ಎರಡೂ ಹಿಡಿಗೆ ಕೈ ಊರಿ, ಏದುಸಿರು ಬಿಡುತ್ತಾ ಎದ್ದು ನಿಂತಳು.

"ಮೆಲ್ಲಗೆ. ಅದು ನನ್ನದು," ಎಂದಳು ಸೈಮಿ.

ಇರ್ಯಾ ನಗುತ್ತಾ ಕೂತುಬಿಟ್ಟಳು. ವರ್ನಾಳಿಗೂ ನಗು ಬಂತು. ಆದರೆ ನಗುವಾಗಲೂ ಮೈಯೆಲ್ಲ ನೋಯುತ್ತಿತ್ತು. ಇನ್ನು ಮುದುಕಿಗೆ ಬಟ್ಟೆ ತೊಡಿಸಬೇಕು, ಬಂಡಿಯಲ್ಲಿ ಕೂರಿಸಬೇಕು, ಮನೆಯವರೆಗೆ ಏರಿನಲ್ಲಿ ತಳ್ಳಬೇಕು. ಓರೆ ಬಾಗಿಲಿನಾಚೆ ಮತ್ತೆ ಹಿಮ ಬೀಳುತ್ತಿತ್ತು. ತೋಡಿದ ದಾರಿ ನಾಳೆಗೆ ಇರುವುದಿಲ್ಲ, ಶನಿವಾರಕ್ಕೆ ಮತ್ತೆ ತೋಡಬೇಕು. ಅವಳು ವಾಕರಿನ ಮೇಲೆ ಭಾರ ಹಾಕಿ ನಿಂತೇ ಸೌನಾದೊಳಗನ್ನು ಒಮ್ಮೆ ನೋಡಿದಳು. ಹಲಗೆ, ಮಣೆ, ಕಂಬ.

"ಇರ್ಯಾ, ಆ ಕಂಬದ ಜೊತೆಯದು ಇನ್ನೊಂದಿದೆಯಾ ನಿನ್ನ ಹತ್ರ?"

"ಇದೆ. ಯಾಕೆ?"

"ಈ ಕಡೆ ಹಾಕು, ಮಣೆ ಪಕ್ಕ." ವರ್ನಾ ತನ್ನ ಸೊಂಟದ ಎತ್ತರಕ್ಕೆ ಗಾಳಿಯಲ್ಲಿ ಕೈ ಇಟ್ಟು ತೋರಿಸಿದಳು. "ಇಷ್ಟೆತ್ತರ ಬಂದ್ರೆ ಸಾಕು. ಇದು ನನಗೆ."

ಇರ್ಯಾ ನಗು ನಿಲ್ಲಿಸಿ ಅವಳ ಮುಖವನ್ನೇ ನೋಡಿದಳು. "ನಾಳೆ ಮಂಗಳವಾರ. ಮಾರ್ಸಿ ಬರ್ತಾಳೆ."

"ಬರಲಿ. ಮುಮ್ಮು ಚರ್ಮಕ್ಕೆ ಹಚ್ಚೋ ಮುಲಾಮು ಒಂದು ಡಬ್ಬಿ ತರೋಕೆ ಹೇಳ್ತೀನಿ. ಶನಿವಾರದೊಳಗೆ ಹಾಕಿಬಿಡು ಕಂಬಾನ."

ಸೈಮಿ ಕೆಳಗೆ ಬಿದ್ದಿದ್ದ ಬ್ರಷ್ಷನ್ನು ಕಾಲಿನಿಂದ ಮೆಲ್ಲಗೆ ಮುಂದಕ್ಕೆ ಸರಿಸಿದಳು, ಯಾರಾದರೂ ಎತ್ತಿಡಲಿ ಎಂದು. ತಾನು ಬಗ್ಗಲಿಲ್ಲ.